ಮಲೇರಿಯಾ ಗುಳಿಗೆ ನುಂಗುವಾಗ ವೀರ್ಯದ ಚಿಂತೆಯೇ? ಹೀಗೆ ಮಾಡಿ

ಸಿಂಧನೂರು, ಗಂಗಾವತಿ ಕಡೆ ಮಗುವಿಗಾಗಿ ಕಾಯುತ್ತಿರುವ ಗಂಡಸರು ‘ಗುಳಿಗೆ ಬಲು ಉಷ್ಣ, ಧಾತು ಕೆಡುತ್ತದೆ’ ಎಂದು ಮಲೇರಿಯಾ ಔಷಧಿಯನ್ನು ಅರ್ಧಕ್ಕೇ ಬಿಡುವುದುಂಟು. ದಯವಿಟ್ಟು ಬಿಡಬೇಡಿ. ವೃಷಣ ಮೈಗಿಂತ 2ರಿಂದ 4 ಡಿಗ್ರಿ ತಂಪಾಗಿದ್ದರೇನೇ ವೀರ್ಯಾಣು ಸರಿಯಾಗಿ ಬೆಳೆಯುವುದು. ಅದಕ್ಕೆ ಗುಳಿಗೆಗಿಂತ ಜ್ವರದ ಕಾವೇ ದೊಡ್ಡ ಪೆಟ್ಟು.

ಮಲೇರಿಯಾದಲ್ಲಿ ವೈವಾಕ್ಸ್ ಎಂಬ ಬಗೆ ಇದ್ದರೆ ವಯಸ್ಕರಿಗೆ ಸಾಮಾನ್ಯವಾಗಿ 150 ಮಿ.ಗ್ರಾಂ ಬೇಸ್ (ಔಷಧಿಯ ಮೂಲ ಅಂಶ) ಇರುವ ಕ್ಲೋರೋಕ್ವಿನ್ ಗುಳಿಗೆ ಮೊದಲೆರಡು ದಿನ ನಾಲ್ಕು ನಾಲ್ಕು, ಮೂರನೇ ದಿನ ಎರಡು. ಜೊತೆಗೆ ಪ್ರೈಮಾಕ್ವಿನ್ ದಿನಕ್ಕೆ 15 ಮಿ.ಗ್ರಾಂನಂತೆ 14 ದಿನ. ನಿಮ್ಮ ಪ್ರಮಾಣ ಮಾತ್ರ ವೈದ್ಯರು ಬರೆದಂತೆಯೇ. ಊಟದ ಮೇಲೆ ನುಂಗಿ, ಹೊಟ್ಟೆನೋವು ಕಡಿಮೆ. ಜ್ವರ ಬಿಟ್ಟಿತೆಂದು ಪ್ರೈಮಾಕ್ವಿನ್ ನಿಲ್ಲಿಸಿದರೆ ಲಿವರ್‌ನಲ್ಲಿ ಅಡಗಿದ ರೋಗಾಣು ತಿಂಗಳುಗಳ ಮೇಲೆ ಎದ್ದು ಮತ್ತೆ ಜ್ವರ ತರಬಹುದು. ಆದರೆ ಮೂತ್ರ ಕಪ್ಪಗೆ ಬಂದರೆ, ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಜಿ6ಪಿಡಿ (ಕೆಂಪು ರಕ್ತಕಣ ಕಾಯುವ ಕಿಣ್ವ) ಕೊರತೆ ಇದ್ದವರಲ್ಲಿ ಪ್ರೈಮಾಕ್ವಿನ್ ರಕ್ತಕಣ ಒಡೆಯುತ್ತದೆ.

ಹಾಗಾದರೆ ಔಷಧಿಯ ಬಗ್ಗೆ ಭಯ ಬಂದದ್ದೆಲ್ಲಿಂದ? ಇಲಿಗಳಿಗೆ ಹೆಚ್ಚು ಪ್ರಮಾಣದ ಕ್ಲೋರೋಕ್ವಿನ್, ಆರ್ಟೆಸುನೇಟ್ ಕೊಟ್ಟಾಗ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕುಗ್ಗಿದವು, ವಿಟಮಿನ್ ಸಿ, ಇ ಜೊತೆಗೆ ಕೊಟ್ಟಾಗ ಹಾನಿ ತಗ್ಗಿತು. ಅದನ್ನೇ ಮನುಷ್ಯರ ಮೂರು ದಿನದ ಕೋರ್ಸಿಗೆ ಹಚ್ಚುವುದು ಸರಿಯಲ್ಲ.

ವಿಟಮಿನ್ ಸಿ, ಇ ಥರದ ಆಂಟಿಆಕ್ಸಿಡೆಂಟ್ (ಕೋಶ ಕೆಡಿಸುವ ಫ್ರೀ ರ‍್ಯಾಡಿಕಲ್ ಎಂಬ ಕಣಗಳನ್ನು ಅಡಗಿಸುವ ವಸ್ತು) ವಿಷಯದಲ್ಲಿ ಜನ ಎಡವುವುದು ನುಂಗುವ ಹೊತ್ತಿನಲ್ಲಿ. ಫಾಲ್ಸಿಪಾರಂ ಎಂಬ ಇನ್ನೊಂದು ಬಗೆಯ ಮಲೇರಿಯಾಕ್ಕೆ ಕೊಡುವ ಆರ್ಟೆಸುನೇಟ್ ರೋಗಾಣುವನ್ನು ಕೊಲ್ಲುವುದೇ ಫ್ರೀ ರ‍್ಯಾಡಿಕಲ್‌ಗಳಿಂದ. ಆ ದಿನಗಳಲ್ಲಿ ವಿಟಮಿನ್ ಸಿ, ಇ ದೊಡ್ಡ ಡೋಸ್ ಗುಳಿಗೆ ನುಂಗಿದರೆ ಔಷಧಿಯ ಕೆಲಸಕ್ಕೇ ಅಡ್ಡಿಯಾಗಬಹುದು. ಜಿ6ಪಿಡಿ ಕೊರತೆಯವರಿಗಂತೂ ವಿಟಮಿನ್ ಸಿಯ ಭಾರೀ ಡೋಸ್ ಅಪಾಯವೇ. ಅನ್ನದ ಮೇಲೆ ಹಿಂಡಿದ ನಿಂಬೆಗೆ ಅಡ್ಡಿಯಿಲ್ಲ. ಕೋರ್ಸ್ ಮುಗಿದ ಮೇಲೆ ದಿನಕ್ಕೊಂದು ಪೇರಲ ಅಥವಾ ಹಸಿ ನೆಲ್ಲಿಕಾಯಿ, ಒಂದು ಹಿಡಿ ಶೇಂಗಾ, ನುಗ್ಗೆಸೊಪ್ಪಿನ ಪಲ್ಯ ಸಾಕು. ನೆಲ್ಲಿಯನ್ನು ಬೇಯಿಸಬೇಡಿ, ಕಾವಿಗೆ ವಿಟಮಿನ್ ಸಿ ಕರಗಿ ಹೋಗುತ್ತದೆ. ಸಾವಿರಾರು ರೂಪಾಯಿಯ ಸಪ್ಲಿಮೆಂಟ್ ಡಬ್ಬಿ ಬೇಡ: ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಮೋಕ್ಸಿ ಅಧ್ಯಯನದಲ್ಲಿ ಸಂತಾನ ಸಮಸ್ಯೆಯ ಗಂಡಸರಿಗೆ ಅಂಥ ಗುಳಿಗೆ ಕೊಟ್ಟರೂ ವೀರ್ಯ ಸುಧಾರಿಸಲಿಲ್ಲ.

ವೀರ್ಯ ಪರೀಕ್ಷೆಗೆ ಜ್ವರ ಬಿಟ್ಟು ಮೂರು ತಿಂಗಳು ಕಾಯಿರಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವಷ್ಟು ಬಲಿಯಲು ಇನ್ನೆರಡು ವಾರ ಬೇಕು; ಬೇಗ ಹೋದರೆ ಜ್ವರದ ಫಲವೇ ವರದಿಯಲ್ಲಿ ಕಂಡು ವೃಥಾ ಕಂಗಾಲಾಗುತ್ತೀರಿ. ಮೊದಲು 2ರಿಂದ 7 ದಿನ ಸಂಯಮ. ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಸಂಗ್ರಹಿಸಿ. ಕಾಂಡೋಮ್, ಎಣ್ಣೆ, ಸೋಪು ತಾಗಬಾರದು. ಮನೆಯಿಂದ ಒಯ್ಯುವುದಾದರೆ ಅಂಗಿಯ ಒಳಗೆ ಮೈಗೆ ತಾಗಿಸಿಟ್ಟು ಒಂದು ಗಂಟೆಯೊಳಗೆ ಮುಟ್ಟಿಸಿ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯೊಳಗೆ ಇಡಬೇಡಿ, ಐಸ್ ಮೇಲೂ ಬೇಡ. ವೀರ್ಯಾಣು ಮಿಲಿ ಲೀಟರ್‌ಗೆ 1.6 ಕೋಟಿಗಿಂತ ಅಥವಾ ಅವುಗಳ ಚಲನೆ 42 ಪ್ರತಿಶತಕ್ಕಿಂತ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಬಳ್ಳಾರಿಯ ಸ್ಪಾಂಜ್ ಐರನ್ ಕುಲುಮೆಯಂಥ ಕಡೆ ದುಡಿಯುವವರು, ಗುಟ್ಕಾ ಹಾಕುವವರು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ, ಹೆಂಡತಿಯ ತಪಾಸಣೆಯನ್ನೂ ಅದೇ ಹೊತ್ತಿಗೆ ಮಾಡಿಸಿ.