ಪ್ವೆಬ್ಲಾ ಪೇಟೆಯಲ್ಲಿ ಅಪ್ಪನ ಜೊತೆ ಎರಡು ದಿನದ ನಡಿಗೆ

ಅಪ್ಪ ಮೆಕ್ಸಿಕೋಗೆ ಬಂದಾಗ ಅವರಿಗೆ 72 ವರ್ಷ. ಬ್ಯಾಡಗಿ ಸೀಮೆಯ ನಮ್ಮ ಹಳ್ಳಿಯಲ್ಲಿ ಜೀವಮಾನವಿಡೀ ಮೆಣಸಿನಕಾಯಿ ಬೆಳೆದವರು. ಎಡಗಾಲಿನ ಮಂಡಿ ಹಿಡಿದುಕೊಂಡಿದೆ. ಇಂಗ್ಲಿಷ್ ಬರುವುದಿಲ್ಲ, ಸ್ಪ್ಯಾನಿಷಂತೂ ಕೇಳಲೇಬೇಡಿ. ಎಲ್ಲಿಗೆ ಹೋದರೂ ಜೇಬಿನಲ್ಲಿ ಒಂದು ಸಣ್ಣ ಡೈರಿ ಇರುತ್ತದೆ. ಅದರಲ್ಲಿ ಬಿದ್ದ ಮಳೆ, ಪೇಟೆಯ ದರ, ಸತ್ತವರ ಹೆಸರು ಬರೆದಿಡುತ್ತಾರೆ. ಮೆಕ್ಸಿಕೋ ಸಿಟಿಯ ನಮ್ಮ ಮನೆಯಲ್ಲಿ ಒಂದು ವಾರ ಕೂತು ಬೇಸರಪಟ್ಟ ಅವರನ್ನು ಎಲ್ಲಿಗೆ ಕರೆದೊಯ್ಯುವುದು ಎಂದು ಯೋಚಿಸಿ, ಕೊನೆಗೆ ಪ್ವೆಬ್ಲಾಕ್ಕೆ ಹೊರಟೆವು. ತಾಪೋ ಬಸ್ ನಿಲ್ದಾಣದಿಂದ ಸುಮಾರು ಎರಡು ಗಂಟೆಯ ದಾರಿ. ಹಳೆಯ ಊರು ಪೂರಾ ಸಮತಟ್ಟು, ಏರಿಳಿತ ಇಲ್ಲ. ಮಂಡಿ ನೋವಿನವರಿಗೆ ಗ್ವಾನಾಹ್ವಾತೊ, ತಾಸ್ಕೊದಂಥ ಗುಡ್ಡದ ಊರುಗಳಿಗಿಂತ ಇದೇ ವಾಸಿ ಅನ್ನುವುದು ನನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಮೊದಲ ದಿನದ ನಡಿಗೆ ಮಾತ್ರ ಕೆಟ್ಟಿತು. ಸೋಕಲೊ ಅಂದರೆ ಊರ ನಡುವಿನ ಚೌಕ. ಅಲ್ಲಿಂದ ಬೆಳಿಗ್ಗೆ ಹೊರಡುವ, ಕೊನೆಗೆ ಮನಸ್ಸಿಗೆ ಬಂದಷ್ಟು ದುಡ್ಡು ಕೊಡುವ ತಂಡವೊಂದಕ್ಕೆ ಸೇರಿಕೊಂಡೆವು. ಮೂವತ್ತಕ್ಕೂ ಹೆಚ್ಚು ಜನ. ಗೈಡ್ ಹುಡುಗ ಚುರುಕಾಗಿದ್ದ, ಮಾತೂ ಚೆನ್ನಾಗಿತ್ತು, ಆದರೆ ಅವನ ಹೆಜ್ಜೆ ಇಪ್ಪತ್ತರ ಹರೆಯದವರ ಹೆಜ್ಜೆ. ನಾವು ಮೂಲೆ ತಿರುಗುವಷ್ಟರಲ್ಲಿ ಅವನು ಅರ್ಧ ಕಥೆ ಹೇಳಿ ಮುಗಿಸಿರುತ್ತಿದ್ದ. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಲು ಬಾಯಿ ತೆಗೆದರೆ ಪಕ್ಕದವರು ತಿರುಗಿ ನೋಡುತ್ತಿದ್ದರು. ಮುಕ್ಕಾಲು ಗಂಟೆಯ ಹೊತ್ತಿಗೆ ಅಪ್ಪ, "ನೀ ಹೋಗಿ ಕೇಳ್ಕೊಂಡು ಬಾರವ್ವ, ನಾ ಇಲ್ಲೇ ಕುಂತಿರ್ತೀನಿ" ಅಂದು ಕಟ್ಟೆಯ ಮೇಲೆ ಕೂತರು. ಆ ಮಾತು ನನಗೆ ಚುಚ್ಚಿತು. ಹುಡುಗನ ಕೈಗೆ ದುಡ್ಡು ಕೊಟ್ಟು ಅಲ್ಲಿಗೇ ಬಿಟ್ಟೆವು.

ಆ ಸಂಜೆ ಮಾಡಿದ ಕೆಲಸವೇ ಎರಡನೇ ದಿನವನ್ನು ಉಳಿಸಿತು. ಉಳಿದುಕೊಂಡಿದ್ದ ವಸತಿಗೃಹದವರನ್ನು ಕೇಳಿ, ನಮ್ಮಿಬ್ಬರಿಗೇ ಅಂತ ಒಬ್ಬ ಮಹಿಳಾ ಗೈಡನ್ನು ಗೊತ್ತುಮಾಡಿದೆ. ಮೆಕ್ಸಿಕೋದಲ್ಲಿ ಪರವಾನಗಿ ಪಡೆದ ಗೈಡುಗಳಿಗೆ ಪ್ರವಾಸೋದ್ಯಮ ಸಚಿವಾಲಯದ ಗುರುತಿನ ಚೀಟಿ ಇರುತ್ತದೆ. ಅದು ಇದೆಯೇ ಎಂದು ಮೊದಲು ಕೇಳಿದೆ. ಆಮೇಲೆ ಫೋನಿನಲ್ಲಿ ಮೂರು ಮಾತು ಹೇಳಿದೆ: ಅಪ್ಪನಿಗೆ ಮಂಡಿ ನೋವಿರುವುದರಿಂದ ಅರ್ಧ ಗಂಟೆಗೊಮ್ಮೆ ಕೂರಬೇಕು, ನೀವು ಮೂರು ವಾಕ್ಯ ಹೇಳಿ ನಿಲ್ಲಿಸಿದರೆ ನಾನು ಕನ್ನಡಕ್ಕೆ ತಿರುಗಿಸುತ್ತೇನೆ, ಎಲ್ಲವನ್ನೂ ತೋರಿಸುವುದು ಬೇಡ. ಆಕೆ ಒಂದು ಕ್ಷಣ ಸುಮ್ಮನಿದ್ದು, "ನಿಮ್ಮಪ್ಪ ಏನು ಕೆಲಸ ಮಾಡುತ್ತಿದ್ದರು?" ಎಂದು ಕೇಳಿದರು. ಮೆಣಸಿನಕಾಯಿ ರೈತ ಅಂದೆ. "ಹಾಗಾದರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಯಿತು" ಅಂದರು. ಈ ಒಂದು ಪ್ರಶ್ನೆ ಕೇಳುವ ಗೈಡ್ ಸಿಕ್ಕರೆ ಬಿಡಬೇಡಿ.

ಮಾರನೆಯ ದಿನ ಆಕೆ ನಮ್ಮನ್ನು ನೇರ ಕರೆದೊಯ್ದದ್ದು ಮಾರುಕಟ್ಟೆಗೆ, ಒಣ ಮೆಣಸಿನಕಾಯಿ ಅಂಗಡಿಗೆ. ಅಪ್ಪನ ಮುಖ ಅರಳಿದ್ದು ಅಲ್ಲೇ. ಮೂಟೆಯ ಬಾಯಿ ಬಿಚ್ಚಿಟ್ಟ ಸಾಲುಗಳು, ಕಪ್ಪು, ಕಂದು, ಕಡುಗೆಂಪು. ಆಕೆ ಒಂದೊಂದನ್ನೇ ಎತ್ತಿ ಕೊಟ್ಟರು. ಪೊಬ್ಲಾನೊ ಎಂಬ ದಪ್ಪ ಹಸಿಮೆಣಸಿನಕಾಯಿ ಗಿಡದಲ್ಲೇ ಕೆಂಪಾಗಿ ಒಣಗಿದರೆ ಅದರ ಹೆಸರು ಆಂಚೊ. ಹಲಪೇನ್ಯೊ ಹಣ್ಣಾದ ಮೇಲೆ ಹೊಗೆಯಲ್ಲಿಟ್ಟು ಒಣಗಿಸಿದರೆ ಚಿಪೋಟ್ಲೆ. ಚಿಲಾಕ ಎಂಬ ಉದ್ದ ಕಾಯಿ ಒಣಗಿದರೆ ಪಸೀಯ. ಹಸಿಗೊಂದು ಹೆಸರು, ಒಣಗಿದ್ದಕ್ಕೆ ಬೇರೆಯೇ ಹೆಸರು. ಅಪ್ಪ ಒಂದು ಆಂಚೊ ತೆಗೆದುಕೊಂಡು ಅಂಗೈ ಮೇಲಿಟ್ಟು ತಿರುಗಿಸಿದರು, ಸುಕ್ಕುಗಳ ಮೇಲೆ ಹೆಬ್ಬೆರಳು ಆಡಿಸಿದರು, ತೊಟ್ಟು ಮುರಿದು ಮೂಸಿದರು, ಕಿವಿಯ ಹತ್ತಿರ ಹಿಡಿದು ಬೀಜದ ಸದ್ದು ಕೇಳಿದರು. ನಮ್ಮ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿದಾಗ ಮಾಡುವುದೂ ಹಾಗೆಯೇ. "ಸುಕ್ಕು ನೋಡು, ನಮ್ಮ ಕಾಯಿ ಉಬ್ಬಿಸಿಟ್ಟಂಗ ಐತಿ. ಖಾರ ಕಡಿಮಿ ಇರ್ಬೇಕು, ಬಣ್ಣ ಜಾಸ್ತಿ" ಅಂದರು. ನಾನು ತಿರುಗಿಸಿ ಹೇಳಿದಾಗ ಅಂಗಡಿಯ ಮುದುಕಿ ತಲೆಯಾಡಿಸಿ, ಹೌದು, ಇದು ಸಾರಿಗೆ ಮೈಯನ್ನೂ ಬಣ್ಣವನ್ನೂ ಕೊಡುವ ಕಾಯಿ, ಖಾರಕ್ಕಲ್ಲ ಎಂದರು.

ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಈ ನಾಡುಗಳಿಂದ, ಪೋರ್ಚುಗೀಸರ ಹಡಗುಗಳಲ್ಲಿ ಎಂಬುದು ಅಪ್ಪನಿಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಆ ಮೂಟೆಗಳ ಮುಂದೆ ನಿಲ್ಲುವುದು ಬೇರೆ. 'ಚಿಲ್ಲಿ' ಎಂಬ ಹೆಸರೇ ಇಲ್ಲಿನ ನಾವತ್ಲ್ ಭಾಷೆಯದು, ಟೊಮೇಟೊ ಕೂಡ ಎಂದು ಆಕೆ ಹೇಳಿದಾಗ, ನಾವು ಕನ್ನಡಿಗರು ಆ ಹೆಸರನ್ನು ತೆಗೆದುಕೊಳ್ಳದೆ ನಮ್ಮ ಕರಿಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟೆವಲ್ಲ ಎಂದು ನನಗೆ ಹೊಳೆಯಿತು. ಅದನ್ನು ಆಕೆಗೆ ವಿವರಿಸಿದೆ. ಆಕೆ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡರು.

ಅಕ್ಟೋಬರ್ ಕೊನೆಯ ವಾರ. ಸತ್ತವರ ಹಬ್ಬ ಹತ್ತಿರ ಬಂದಿತ್ತು. ಬೀದಿಯ ಉದ್ದಕ್ಕೂ ಚೆಂಡುಹೂವಿನ ರಾಶಿ, ಇಲ್ಲಿನ ಮಾತಲ್ಲಿ ಸೆಂಪಸೂಚಿಲ್. ಅದರ ತವರೂ ಇದೇ ನಾಡು. ದೀಪಾವಳಿಗೆ ನಾವು ಬಾಗಿಲಿಗೆ ಕಟ್ಟುವ ಹೂವನ್ನು ಇಲ್ಲಿಯ ಜನ ಸತ್ತವರು ದಾರಿ ತಪ್ಪದಿರಲಿ ಎಂದು ಮನೆಯೊಳಗೆ ಹರಡುತ್ತಾರೆ.

ಅಲ್ಲಿಂದ ಸೋಕಲೊಗೆ ಬಂದು ಕಮಾನುಗಳ ಪಡಸಾಲೆಯಲ್ಲಿ ಕೂತಾಗ ಆಕೆ ಬೀದಿಗಳ ಲೆಕ್ಕ ಹೇಳಿಕೊಟ್ಟರು. ಇದನ್ನು ಪ್ವೆಬ್ಲಾಕ್ಕೆ ಹೋಗುವ ಯಾರಿಗಾದರೂ ಹೇಳಲೇಬೇಕು. 1531ರಲ್ಲಿ ಸ್ಪೇನಿನವರು ಈ ಊರನ್ನು ಚೌಕುಳಿ ಹಾಕಿದಂತೆ ಹೊಸದಾಗಿ ಕಟ್ಟಿದರು. ದೇವದೂತರೇ ಹಗ್ಗ ಹಿಡಿದು ಬೀದಿ ಅಳೆದರು ಎಂಬ ಐತಿಹ್ಯ ಇದೆ, ಅದಕ್ಕೇ ದೇವದೂತರ ಪ್ವೆಬ್ಲಾ ಎಂದು ಹಳೆಯ ಹೆಸರು. ಸೋಕಲೊದ ಒಂದು ಮೂಲೆಯಲ್ಲಿ ಎರಡು ಮುಖ್ಯ ಬೀದಿಗಳು ಕೂಡುತ್ತವೆ. ಪೂರ್ವ-ಪಶ್ಚಿಮವಾಗಿ ಹೋಗುವ ಬೀದಿಗಳಲ್ಲಿ ಉತ್ತರಕ್ಕಿರುವುದೆಲ್ಲ ಸರಿಸಂಖ್ಯೆ, ದಕ್ಷಿಣಕ್ಕಿರುವುದೆಲ್ಲ ಬೆಸ. ಉತ್ತರ-ದಕ್ಷಿಣದ ಬೀದಿಗಳಲ್ಲಿ ಪೂರ್ವಕ್ಕೆ ಸರಿ, ಪಶ್ಚಿಮಕ್ಕೆ ಬೆಸ. ಓರಿಯೆಂತೆ ಎಂದರೆ ಪೂರ್ವ. ಅಂದರೆ '6 ಓರಿಯೆಂತೆ' ಅಂದ ಕೂಡಲೇ ಅದು ಚೌಕದ ಉತ್ತರಕ್ಕೆ, ಪೂರ್ವ ಭಾಗದಲ್ಲಿ ಎಂದು ನಕ್ಷೆ ನೋಡದೇ ಹೇಳಬಹುದು. ಅಪ್ಪ ಡೈರಿಯಲ್ಲಿ ಗೆರೆ ಎಳೆದು ಬರೆದುಕೊಂಡರು. ಆಮೇಲೆ ಇಡೀ ದಿನ ಪ್ರತಿ ಮೂಲೆಯಲ್ಲೂ ಗೋಡೆಯ ಹೆಂಚಿನ ಮೇಲಿನ ಅಂಕಿ ಓದಿ, ನಾವು ಎಲ್ಲಿದ್ದೇವೆ ಎಂದು ಅವರೇ ಹೇಳುತ್ತಿದ್ದರು. ಹಿಂದಿನ ದಿನ ಕಟ್ಟೆಯ ಮೇಲೆ ಕೂತವರು ಈಗ ಮುಂದೆ ನಡೆಯುತ್ತಿದ್ದರು.

ಕತೀಡ್ರಲ್ ನೋಡಿದೆವು, ಅದು ದೊಡ್ಡದು, ಅಷ್ಟೇ ಹೇಳುತ್ತೇನೆ. ಸಾಂತೊ ದೊಮಿಂಗೊ ಚರ್ಚಿನೊಳಗಿನ ರೊಸಾರಿಯೊ ಗುಡಿ 1690ರದ್ದು. ಗೋಡೆ, ಗುಮ್ಮಟ ಎಲ್ಲಾ ಚಿನ್ನದ ರೇಕು ಹೊದ್ದ ಗಾರೆ ಕೆಲಸ. ಕಣ್ಣು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಅಲ್ಲಿ ಗೈಡ್ ಮಾತಾಡಲಿಲ್ಲ, ಬೆಂಚು ತೋರಿಸಿ ಹತ್ತು ನಿಮಿಷ ಸುಮ್ಮನೆ ಕೂರಿಸಿದರು.

ಪಲಾಫೊಕ್ಸಿಯಾನ ಗ್ರಂಥಾಲಯದ ಮುಂದೆ ಮಾತ್ರ ನಾನು ಹಟ ಹಿಡಿದು ಹೆಚ್ಚು ಹೊತ್ತು ನಿಂತೆ. ಬಿಷಪ್ ಹ್ವಾನ್ ದೆ ಪಲಾಫೊಕ್ಸ್ 1646ರಲ್ಲಿ ತಮ್ಮ 5,000 ಪುಸ್ತಕಗಳನ್ನು, ಪಾದ್ರಿಗಳಿಗಷ್ಟೇ ಅಲ್ಲ, ಓದಲು ಬಲ್ಲವರಿಗೆಲ್ಲ ಸಿಗಲಿ ಎಂಬ ಷರತ್ತಿನ ಮೇಲೆ ಕೊಟ್ಟರು. ಈಗಿರುವ ಹಾಲ್ 1773ರದ್ದು. ಮೂರಂತಸ್ತಿನ ಮರದ ಕಪಾಟುಗಳು, 45,000ದಷ್ಟು ಪುಸ್ತಕಗಳು. 2005ರಲ್ಲಿ ಯುನೆಸ್ಕೋ ಇದನ್ನು 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು. ಹಳೆಯ ಮರ, ಹಳೆಯ ಕಾಗದ, ಚರ್ಮದ ಹೊದಿಕೆಯ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯುತ್ತದೆ. ಮೆಕ್ಸಿಕೋದಲ್ಲಿ ಇಂಥ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ದಿನ ಗೊತ್ತುಮಾಡುವಾಗ ನೆನಪಿಡಿ.

ಅಲ್ಲಿಂದ ಹೊರಬಂದು ಕೂತಾಗ ಅಪ್ಪ ಆ ಪ್ರಶ್ನೆ ಕೇಳಿದರು. "ಕಾಯಿ ಇಲ್ಲಿಂದ ನಮ್ಮಲ್ಲಿಗೆ ಬಂತು, ಹೂವು ಬಂತು. ನಮ್ಮ ಕಡಿಯಿಂದ ಇಲ್ಲಿಗೆ ಯಾರರ ಬಂದಿದ್ರೇನು ಕೇಳವ್ವ, ಭಾಳ ಹಿಂದಕ್ಕ?"

ಕೇಳಿದೆ. ಆಕೆ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದರು. ಹೆಂಚಿನ ಕಾರ್ಖಾನೆ ನೋಡುವುದಿತ್ತು, ಅದನ್ನು ಬಿಡೋಣ, ಬನ್ನಿ ಎಂದರು. ಎರಡು ಬೀದಿ ದಾಟಿ ಕೊಂಪನೀಯ ಚರ್ಚಿನ ಮುಂದೆ ನಿಂತೆವು. ಬಿಳಿ ಗಾರೆಯ ಮುಖದ, ಜೆಸ್ವಿಟರೆಂಬ ಪಾದ್ರಿ ಪಂಗಡದ ಚರ್ಚು.

ಇಲ್ಲಿ ಮಣ್ಣಾದವಳು ಒಬ್ಬ ಭಾರತದ ಹೆಂಗಸು ಎಂದರು ಆಕೆ. ಹೆಸರು ಮಿರ್ರಾ. 17ನೇ ಶತಮಾನದ ಆರಂಭದಲ್ಲಿ ಹುಟ್ಟಿದವಳು. ಬಾಲೆಯಾಗಿದ್ದಾಗಲೇ ಪೋರ್ಚುಗೀಸ್ ಕಡಲುಗಳ್ಳರು ಹಿಡಿದೊಯ್ದರು. ಕೊಚ್ಚಿಯಲ್ಲಿ ಜೆಸ್ವಿಟರು ದೀಕ್ಷೆ ಕೊಟ್ಟು ಕತರೀನಾ ದೆ ಸಾನ್ ಹ್ವಾನ್ ಎಂದು ಹೆಸರಿಟ್ಟರು. ಅಲ್ಲಿಂದ ಮನಿಲಾ, ಮನಿಲಾದಿಂದ ಹಾಯಿಹಡಗಿನಲ್ಲಿ ಶಾಂತ ಸಾಗರ ದಾಟಿ ಅಕಪುಲ್ಕೊ, ಅಲ್ಲಿಂದ ಪ್ವೆಬ್ಲಾದ ಮಿಗೆಲ್ ದೆ ಸೋಸ ಎಂಬುವನ ಮನೆಗೆ ಗುಲಾಮಳಾಗಿ. ಮನಿಲಾ ಹಡಗಿನಲ್ಲಿ ಬಂದ ಏಷ್ಯಾದವರನ್ನೆಲ್ಲ ಇಲ್ಲಿ 'ಚೀನೊ' ಎಂದೇ ಕರೆಯುತ್ತಿದ್ದರು. ಹಾಗಾಗಿ ನಮ್ಮ ನಾಡಿನವಳು 'ಚೀನಾ ಪೊಬ್ಲಾನಾ', ಅಂದರೆ ಪ್ವೆಬ್ಲಾದ ಚೀನಾದವಳು, ಆದಳು. ಧಣಿ ಸತ್ತ ಮೇಲೆ ಬಿಡುಗಡೆಯಾಯಿತು. ಪ್ರಾರ್ಥನೆ, ಉಪವಾಸಗಳಲ್ಲೇ ಬದುಕಿದ ಅವಳನ್ನು ಊರ ಜನ ಸಂತಳೆಂದು ನಂಬಿದರು. 1688ರಲ್ಲಿ ತೀರಿಕೊಂಡಾಗ ಇಡೀ ಊರು ಸೇರಿತ್ತಂತೆ. ಪಾದ್ರಿಯೊಬ್ಬರು ಅವಳ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದರೆ, ಇನ್‌ಕ್ವಿಸಿಷನ್ ಎಂಬ ಚರ್ಚಿನ ಧರ್ಮವಿಚಾರಣೆಯ ನ್ಯಾಯಮಂಡಳಿ ಅದನ್ನೂ ಅವಳ ಚಿತ್ರಗಳನ್ನೂ ನಿಷೇಧಿಸಿತು. ಮೆಕ್ಸಿಕೋದ ಹೆಂಗಸರು ಹಬ್ಬಗಳಲ್ಲಿ ಉಡುವ ಕಸೂತಿ ರವಿಕೆ, ಮಿನುಗುವ ಲಂಗಕ್ಕೂ ಚೀನಾ ಪೊಬ್ಲಾನಾ ಎಂದೇ ಹೆಸರು. ಆ ಉಡುಪು ಬಳಕೆಗೆ ಬಂದದ್ದು ಅವಳ ಕಾಲವಾದ ಎಷ್ಟೋ ವರ್ಷಕ್ಕೆ, ಅವಳು ಉಟ್ಟದ್ದು ಒರಟು ಬಟ್ಟೆ ಎಂದು ಆಕೆ ಒತ್ತಿ ಹೇಳಿದರು. ಇದನ್ನು ನಾನು ಮೆಚ್ಚಿದೆ. ಪ್ರವಾಸಿಗರಿಗೆ ಹಿತವಾದ ಕಥೆಯನ್ನೇ ಹೇಳಿ ಕಳಿಸಬಹುದಿತ್ತು, ಆಕೆ ಹಾಗೆ ಮಾಡಲಿಲ್ಲ.

ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ ಕನ್ನಡಕ್ಕೆ ತರುತ್ತಿದ್ದೆ. ಕೊಚ್ಚಿ ಎಂಬ ಹೆಸರು ಬಂದಾಗ ನನ್ನ ದನಿ ನಡುಗಿತು. ಅಪ್ಪ ಚರ್ಚಿನ ಬಾಗಿಲನ್ನೇ ನೋಡುತ್ತಿದ್ದರು. ತುಂಬ ಹೊತ್ತಿನ ಮೇಲೆ, "ಸಣ್ಣ ಹುಡುಗಿ. ಅವರವ್ವ ಎಷ್ಟ್ ದಿವಸ ಹುಡುಕ್ಯಾಳೋ ಏನೋ" ಅಂದರು. ಇದನ್ನು ಸ್ಪ್ಯಾನಿಷಿಗೆ ತಿರುಗಿಸಿದಾಗ ಗೈಡ್ ಏನೂ ಹೇಳದೆ ಅಪ್ಪನ ತೋಳು ಮುಟ್ಟಿದರು. ಇಷ್ಟು ವರ್ಷ ಈ ಕಥೆ ಹೇಳಿದ್ದೇನೆ, ಅವಳ ತಾಯಿಯ ಬಗ್ಗೆ ಯಾರೂ ಕೇಳಿರಲಿಲ್ಲ ಎಂದು ಆಮೇಲೆ ನನ್ನೊಬ್ಬಳಿಗೇ ಹೇಳಿದರು.

ಊಟದ ವಿಷಯ ಸಸ್ಯಾಹಾರಿಗಳಿಗಾಗಿ ಹೇಳಬೇಕು. ಪ್ವೆಬ್ಲಾದ ಹೆಸರಾಂತ ಮೋಲೆ ಸಾರಿಗೆ ಕೋಳಿಯ ರಸವನ್ನೂ ಹಂದಿಯ ಕೊಬ್ಬನ್ನೂ ಹಾಕುವುದು ವಾಡಿಕೆ. ಬೇಯಿಸಿದ ಬೀನ್ಸ್ ಕಾಳಿಗೂ ಕೊಬ್ಬು ಬಿದ್ದಿರಬಹುದು. 'ಸಿನ್ ಕಾರ್ನೆ' ಅಂದರೆ ಮಾಂಸದ ತುಂಡು ಇಲ್ಲ ಅಂತಷ್ಟೇ ಅರ್ಥ. 'ಸಿನ್ ಮಂತೇಕ, ಸಿನ್ ಕಾಲ್ದೊ ದೆ ಪೋಯೊ', ಅಂದರೆ ಕೊಬ್ಬು ಬೇಡ, ಕೋಳಿ ರಸ ಬೇಡ ಎಂದೂ ಸೇರಿಸಬೇಕು. ನಾವು ಎಳ್ಳು ಹಚ್ಚಿದ ಸೆಮೀತ ಬನ್ನಿನೊಳಗೆ ಚೀಸ್, ಬೆಣ್ಣೆಹಣ್ಣು, ಚಿಪೋಟ್ಲೆ ಮಾತ್ರ ಹಾಕಿಸಿಕೊಂಡು ತಿಂದೆವು. ಸಿಹಿ ಅಂಗಡಿಗಳ ಬೀದಿ ಅದೇ 6 ಓರಿಯೆಂತೆ. ಅಲ್ಲಿ ಕಾಗದ ಸುತ್ತಿದ ಕಮೋತೆ ಕೊಂಡೆವು. ಬಾಯಿಗಿಟ್ಟ ಕೂಡಲೇ ಅಪ್ಪ "ಗೆಣಸು!" ಎಂದು ಜೋರಾಗಿ ಹೇಳಿದರು. ಗೆಣಸೇ ಅದು, ಸಕ್ಕರೆಯಲ್ಲಿ ಕುದಿಸಿ ಸುರುಳಿ ಮಾಡಿದ್ದು. ನಮ್ಮ ಗೆಣಸಿನ ಹೋಳಿಗೆಯ ಹೂರಣದ್ದೇ ರುಚಿ. ಪಕ್ಕದಲ್ಲಿ ಕೆಂಪು ಪಾನಕ ಕೊಟ್ಟರು, ಹಮಾಯ್ಕ ಅಂತ. ಪುಂಡಿಯ ಜಾತಿಯ ಗಿಡದ ಹೂವಿನ ಕೆಂಪು ಸಿಪ್ಪೆಯದು. ಅಪ್ಪ ಎರಡು ಲೋಟ ಕುಡಿದರು.

ಮೂರು ಗಂಟೆಯಲ್ಲಿ ಮುಗಿಯಬೇಕಿದ್ದ ನಡಿಗೆ ಐದು ಗಂಟೆ ಹಿಡಿಯಿತು. ಮಾತಾಡಿದ ದುಡ್ಡಿನ ಮೇಲೆ ಹೆಚ್ಚುವರಿ ಗಂಟೆಗಳದ್ದನ್ನೂ ಸೇರಿಸಿ ಕೊಟ್ಟೆ. ಆಕೆ ಬೇಡವೆಂದರು, ನಾನು ಬಿಡಲಿಲ್ಲ. ಅದು ಅವರ ಹೊಟ್ಟೆಪಾಡು. ಒಟ್ಟು ನೋಡಿದ್ದು ಐದಾರು ಜಾಗ, ಬಿಟ್ಟದ್ದು ಹತ್ತಾರು. ಸೆರ್ದಾನ್ ಸೋದರರ ಮನೆ ಬಿಟ್ಟೆವು, 1910ರ ಕ್ರಾಂತಿಯ ಮೊದಲ ಗುಂಡು ಹಾರಿದ ಜಾಗ ಅದು. ಹರಿಯುತ್ತಿದ್ದ ಹೊಳೆಯನ್ನು ಮುಚ್ಚಿ ಮಾಡಿದ ದೊಡ್ಡ ರಸ್ತೆಯನ್ನು ಈಚೆಯಿಂದಲೇ ನೋಡಿದೆವು. ಅದರಾಚೆಯ ಕೇರಿಯ ಹೆಸರು ಅನಾಲ್ಕೊ, ನಾವತ್ಲ್ ಭಾಷೆಯಲ್ಲಿ 'ಹೊಳೆಯಾಚೆ' ಎಂದು. ಹೊಳೆ ನೆಲದಡಿಗೆ ಹೋದರೂ ಹೆಸರು ಹಾಗೇ ಇದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮತ್ತೊಮ್ಮೆ ಆ ಚರ್ಚಿಗೆ ಹೋಗೋಣ ಎಂದರು ಅಪ್ಪ. ಈ ಸಲ ಗೈಡ್ ಇರಲಿಲ್ಲ, ಬೀದಿಯ ಅಂಕಿ ಓದುತ್ತಾ ಅವರೇ ದಾರಿ ತೋರಿಸಿದರು. ಮೂಲೆಯಲ್ಲಿ ಒಂದು ಕಟ್ಟು ಚೆಂಡುಹೂವು ಕೊಂಡು ಬಾಗಿಲ ಪಕ್ಕದಲ್ಲಿಟ್ಟರು. ಬಸ್ಸಿನಲ್ಲಿ ಕಿಟಕಿಯಾಚೆ ಪೊಪೊಕಟೆಪೆಟ್ಲ್ ಜ್ವಾಲಾಮುಖಿ ಕಾಣುವ ಹೊತ್ತಿಗೆ ಡೈರಿ ತೆಗೆದು ನನ್ನ ಮುಂದೆ ಹಿಡಿದು, ಹೆಸರು ಸರಿಯಾಗಿ ಬರೆದಿದ್ದೀನೋ ನೋಡು ಎಂದರು. ಮೇಲೆ ಆಂಚೊದ ಕಿಲೋ ದರ. ಅದರ ಕೆಳಗೆ, ಊರಲ್ಲಿ ತೀರಿಕೊಂಡವರನ್ನು ಬರೆಯುವ ರೀತಿಯಲ್ಲೇ: ಮಿರ್ರಾ, 1688.