ಸರಕಾರಿ ಅನುದಾನಕ್ಕೆ ಲೆಕ್ಕ ಒಪ್ಪಿಸುವ ಕ್ರಮ: ಕಾಸರಗೋಡಿನ ಸಂಘಸಂಸ್ಥೆಗಳಿಗಾಗಿ

ಕಾಸರಗೋಡು ಜಿಲ್ಲೆಯ ಕನ್ನಡ ಸಂಘಸಂಸ್ಥೆಗಳಿಗೆ ಸರಕಾರದ ಹಣ ಬರುವ ದಾರಿಗಳು ಹಲವು. ಗ್ರಾಮ ಪಂಚಾಯತಿನ ಯೋಜನಾ ನಿಧಿಯ ಕಾಮಗಾರಿ ಫಲಾನುಭವಿ ಸಮಿತಿಯ ಕೈಗೆ ಬರುತ್ತದೆ, ವಾಚನಾಲಯಕ್ಕೆ ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿನ ಗ್ರ್ಯಾಂಟು ಬರುತ್ತದೆ, ಕೇಂದ್ರ ಸಚಿವಾಲಯಗಳ ಯೋಜನೆಗಳಿಗೆ ಅರ್ಜಿ ಹಾಕಲು ಅವಕಾಶವಿದೆ, ಗಡಿಯಾಚೆಯಿಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ನೆರವು ನೀಡುತ್ತದೆ. ಇವುಗಳಲ್ಲಿ ಒಂದೊಂದರ ನಮೂನೆ ಒಂದೊಂದು ಬಗೆ. ಆದರೆ ಹಣ ಕೊಟ್ಟವರು ಯಾರೇ ಆಗಿರಲಿ, ಮಂಜೂರಾತಿ ಆದೇಶದಲ್ಲಿ ಬರೆದ ಕೆಲಸಕ್ಕೇ, ಬರೆದ ರೀತಿಯಲ್ಲೇ ಹಣ ಖರ್ಚಾಯಿತು ಎಂಬುದಕ್ಕೆ ಕಾಗದದ ಆಧಾರವನ್ನು ಅವರು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಲೆಕ್ಕ ಒಪ್ಪಿಸುವ ಕೆಲಸ ಶುರುವಾಗುವುದು ಮಾರ್ಚ್ ತಿಂಗಳಲ್ಲಿ ಅಲ್ಲ, ಆದೇಶ ಕೈಗೆ ಬಂದ ದಿನ. ಒಳ್ಳೆಯ ಕೆಲಸ ಮಾಡಿದ ಎಷ್ಟೋ ಸಂಘಗಳಿಗೆ ಎರಡನೆಯ ಕಂತು ಬಾರದೇ ಹೋಗುವುದು ಕೆಲಸದ ಕೊರತೆಯಿಂದಲ್ಲ, ಈ ಆಧಾರಗಳನ್ನು ಆಯಾ ಹೊತ್ತಿಗೆ ಕೂಡಿಟ್ಟುಕೊಳ್ಳದೆ ಇದ್ದುದರಿಂದ.

ಮೊದಲು ಮಂಜೂರಾತಿ ಆದೇಶವನ್ನು ಓದಬೇಕು

ಆದೇಶದಲ್ಲಿ ಎಲ್ಲರ ಕಣ್ಣು ಹೋಗುವುದು ಮೊತ್ತದ ಮೇಲೆ. ನಿಜವಾಗಿ ಓದಬೇಕಾದದ್ದು ಅದರ ಕೆಳಗಿನ ಶರತ್ತುಗಳನ್ನು. ಹಣ ಯಾವ ಯಾವ ಬಾಬ್ತಿಗೆ ಎಷ್ಟೆಷ್ಟು ಎಂದು ಹಂಚಲಾಗಿದೆ, ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಬಳಸಲು ಅನುಮತಿ ಬೇಕೇ, ಮುಂದಿನ ಕಂತಿಗೆ ಯಾವ ದಾಖಲೆ ಕೊಡಬೇಕು, ಬ್ಯಾಂಕಿನ ಬಡ್ಡಿಯನ್ನು ಏನು ಮಾಡಬೇಕು, ಉಳಿದ ಹಣವನ್ನು ಯಾವಾಗ ಮರಳಿಸಬೇಕು, ಯಾವ ನಮೂನೆಯಲ್ಲಿ ಯಾವ ದಿನಾಂಕದೊಳಗೆ ಹಣ ಬಳಕೆ ಪ್ರಮಾಣಪತ್ರ (ಹಣ ಹೇಳಿದ ಕೆಲಸಕ್ಕೇ ಖರ್ಚಾಯಿತು ಎಂದು ಸಂಘ ಸಹಿ ಹಾಕಿ ಕೊಡುವ ಪತ್ರ) ಕೊಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದು ಕಡತದ ಮೊದಲ ಪುಟವಾಗಿ ಸೇರಿಸಿಕೊಳ್ಳಬೇಕು. ಆದೇಶ ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಇದ್ದರೆ ಈ ಹಾಳೆ ಇನ್ನಷ್ಟು ಅಗತ್ಯ, ಏಕೆಂದರೆ ಸಮಿತಿಯ ಎಲ್ಲ ಸದಸ್ಯರಿಗೂ ಶರತ್ತು ತಿಳಿದಿರಬೇಕಾದದ್ದು ನ್ಯಾಯ.

ಕೇಂದ್ರದ ಅನುದಾನಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಾವಳಿ ಅನ್ವಯಿಸುತ್ತದೆ. ಅದರ 238ನೆಯ ನಿಯಮದ ಪ್ರಕಾರ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು. ಆದೇಶದಲ್ಲಿ ಇದಕ್ಕಿಂತ ಕಡಿಮೆ ಗಡುವು ಇದ್ದರೆ ಆ ಗಡುವನ್ನೇ ಪಾಲಿಸಬೇಕು. ಅದೇ ನಿಯಮಾವಳಿಯ 230ನೆಯ ನಿಯಮವು ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮಗೊಂಡ ಕೂಡಲೇ ಸರಕಾರಕ್ಕೆ ಕಟ್ಟಬೇಕೆಂದು ಹೇಳುತ್ತದೆ. ಬಡ್ಡಿ ಎರಡು ಸಾವಿರ ರೂಪಾಯಿಯೇ ಇರಲಿ, ಅದು ಸಂಘದ ಹಣ ಅಲ್ಲ.

ಆದೇಶ ಬಂದ ನಂತರದ ಮೊದಲ ಸಭೆಯಲ್ಲಿ ಅನುದಾನವನ್ನು ಸ್ವೀಕರಿಸುವ, ಚೆಕ್ಕಿಗೆ ಸಹಿ ಮಾಡುವ ಇಬ್ಬರನ್ನು ನೇಮಿಸುವ ಮತ್ತು ಖರೀದಿ ಸಮಿತಿಯನ್ನು ರಚಿಸುವ ನಿರ್ಣಯವನ್ನು ಅಂಗೀಕರಿಸಬೇಕು. ಈ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರುವುದು ಒಳ್ಳೆಯದು. ಕೇಂದ್ರದ ಯೋಜನೆಯಾದರೆ ಪಿ.ಎಫ್.ಎಂ.ಎಸ್. ಎಂಬ, ಸರಕಾರದ ಹಣದ ಹರಿವನ್ನು ದಾಖಲಿಸುವ ಆನ್‌ಲೈನ್ ವ್ಯವಸ್ಥೆಯಲ್ಲಿ ಖಾತೆಯನ್ನು ನೋಂದಾಯಿಸಿ, ಖರ್ಚನ್ನು ಅಲ್ಲಿಯೇ ದಾಖಲಿಸಬೇಕಾಗುತ್ತದೆ. ಸದಸ್ಯತ್ವ ಶುಲ್ಕ, ವಾರ್ಷಿಕೋತ್ಸವದ ವಂತಿಗೆ, ಅನುದಾನ ಎಲ್ಲವೂ ಒಂದೇ ಪಾಸ್ ಪುಸ್ತಕದಲ್ಲಿ ಬೆರೆತರೆ ಲೆಕ್ಕ ಪರಿಶೋಧಕರಿಗೂ ಅದನ್ನು ಬಿಡಿಸುವುದು ಕಷ್ಟ.

ಓಚರಿನ ಕೆಲಸ

ಇಡೀ ಲೆಕ್ಕ ನಿಲ್ಲುವುದು ಓಚರಿನ ಮೇಲೆ. ಪ್ರತಿಯೊಂದು ಪಾವತಿಗೂ ಒಂದು ಹಾಳೆ ಇರಬೇಕು. ಅದರಲ್ಲಿ ಕ್ರಮಸಂಖ್ಯೆ, ದಿನಾಂಕ, ಯಾರಿಗೆ, ಯಾವ ಬಾಬ್ತಿನಿಂದ, ಯಾವ ನಿರ್ಣಯದ ಪ್ರಕಾರ, ಚೆಕ್ ಸಂಖ್ಯೆ ಅಥವಾ ಬ್ಯಾಂಕ್ ವರ್ಗಾವಣೆಯ ಸಂಖ್ಯೆ, ಅಧ್ಯಕ್ಷರ ಮತ್ತು ಕೋಶಾಧಿಕಾರಿಯ ಸಹಿ ಇರಬೇಕು. ಅದಕ್ಕೆ ಮೂಲ ಬಿಲ್ಲನ್ನು ಲಗತ್ತಿಸಬೇಕು. ಬಿಲ್ಲು ಸಂಘದ ಹೆಸರಿನಲ್ಲಿರಬೇಕೇ ಹೊರತು ಸಾಮಾನು ತಂದ ಕಾರ್ಯದರ್ಶಿಯ ಹೆಸರಿನಲ್ಲಿ ಅಲ್ಲ. ಅಂಗಡಿಯ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ನಮ್ಮ ಮಳೆಗಾಲದ ತೇವದಲ್ಲಿ ಕಪಾಟಿನೊಳಗಿದ್ದರೂ ಉಳಿಯುವುದಿಲ್ಲ. ಆ ದಿನವೇ ಅದರ ನೆರಳುಪ್ರತಿ ತೆಗೆದು, ಮೂಲದೊಂದಿಗೆ ಸೇರಿಸಿ ಇಡಬೇಕು.

ಒಂದು ಉದಾಹರಣೆಯನ್ನು ನೋಡೋಣ. ಬದಿಯಡ್ಕದ ಕಡೆಯ ಒಂದು ವಾಚನಾಲಯ ಪುಸ್ತಕದ ಕಪಾಟುಗಳನ್ನು ಮಾಡಿಸುತ್ತದೆ ಎಂದಿಟ್ಟುಕೊಳ್ಳಿ. ಬಡಗಿಗೆ ಅಚ್ಚಾದ ಬಿಲ್ ಪುಸ್ತಕವಿಲ್ಲ. ಆಗ ಸಂಘವೇ ಒಂದು ರಸೀದಿಯನ್ನು ಬರೆದು, ಕಪಾಟಿನ ಅಳತೆ, ಮರದ ಜಾತಿ, ಎಷ್ಟು ಕಪಾಟು, ಒಂದಕ್ಕೆ ಎಷ್ಟು ಎಂಬ ವಿವರಗಳನ್ನು ತುಂಬಿಸಿ, ಬಡಗಿಯ ವಿಳಾಸ ಮತ್ತು ಸಹಿ ಪಡೆಯಬೇಕು. ಮೊತ್ತ 5,000 ರೂಪಾಯಿಗಿಂತ ಹೆಚ್ಚಾಗಿದ್ದರೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಹಾಕಿಸಬೇಕು. ಕೆಲಸ ಕೊಡುವ ಮುನ್ನ ಬೇರೆ ಬಡಗಿಗಳಿಂದ ಪಡೆದ ಕೊಟೇಷನ್‌ಗಳೂ, ಯಾರ ದರ ಏಕೆ ಒಪ್ಪಿಗೆಯಾಯಿತು ಎಂದು ಖರೀದಿ ಸಮಿತಿ ಬರೆದ ನಾಲ್ಕು ಸಾಲೂ ಅದರ ಹಿಂದೆಯೇ ಇರಬೇಕು. ಕಪಾಟು ಬಂದ ದಿನ ಆಸ್ತಿ ದಾಖಲೆ ಪುಸ್ತಕದಲ್ಲಿ ಅದನ್ನು ಸೇರಿಸಿ, ಆ ಪುಟಸಂಖ್ಯೆಯನ್ನು ಓಚರಿನ ಮೇಲೆ ಬರೆದರೆ ಪರಿಶೀಲನೆಗೆ ಬಂದ ಅಧಿಕಾರಿ ಓಚರನ್ನು ಹಿಡಿದು ಕಪಾಟಿನ ತನಕ ನಡೆದು ಹೋಗಬಹುದು. ಸರಕಾರದ ಹಣದಿಂದ ಕೊಂಡ ಇಂಥ ವಸ್ತುವನ್ನು ಹಣ ಕೊಟ್ಟ ಇಲಾಖೆಯ ಅನುಮತಿಯಿಲ್ಲದೆ ಮಾರುವಂತಿಲ್ಲ, ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.

ಕಟ್ಟಡದ ಕೆಲಸದಲ್ಲಿ ಕೆಂಪುಕಲ್ಲು, ಹೊಯಿಗೆ, ಜಲ್ಲಿ ತಂದ ಲೋಡಿನ ಲೆಕ್ಕವೇ ಹೆಚ್ಚು ತೊಡಕಿನದು. ಲೋಡು ಬಂದಾಗಲೇ ವಾಹನದ ಸಂಖ್ಯೆ, ಕಲ್ಲಿನ ಎಣಿಕೆ, ಇಳಿಸಿಕೊಂಡವರ ಸಹಿ ದಾಸ್ತಾನು ಪುಸ್ತಕಕ್ಕೆ ಹೋಗಬೇಕು. ಕೂಲಿಗೆ ಮಸ್ಟರ್ ರೋಲ್, ಅಂದರೆ ಕೆಲಸಗಾರರ ಹಾಜರಿ ಮತ್ತು ಕೂಲಿಯ ಪಟ್ಟಿ ಬೇಕು. ಅಡಿಪಾಯದ ಚಿತ್ರಗಳನ್ನು ಅದು ಮುಚ್ಚಿಹೋಗುವ ಮುನ್ನ, ದಿನಾಂಕ ಮತ್ತು ಸ್ಥಳ ಕಾಣುವಂತೆ ತೆಗೆಯಬೇಕು. ಜೂನ್ ತಿಂಗಳ ಮಳೆ ಹಿಡಿದ ಮೇಲೆ ಅಳತೆಗೆ ಬಂದವರಿಗೆ ತೋರಿಸಲು ನೆಲದಡಿಯಲ್ಲಿ ಏನೂ ಸಿಗುವುದಿಲ್ಲ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ಸಮಸ್ಯೆಯಿದೆ. ಕುಂಬಳೆಯಲ್ಲಿ ಕೊಂಡ ಸಾಮಾನಿನ ಬಿಲ್ಲು ಮಲಯಾಳದಲ್ಲಿ, ಮಂಗಳೂರಿನಿಂದ ತಂದ ಪುಸ್ತಕದ್ದು ಕನ್ನಡದಲ್ಲಿ, ಯಂತ್ರದ್ದು ಇಂಗ್ಲಿಷಿನಲ್ಲಿ ಇರುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಮಲಯಾಳದ ಬಿಲ್ಲನ್ನು ಓದಲಾಗದೆ ಬದಿಗಿಟ್ಟರೆ ಕಡತ ಅಲ್ಲಿಯೇ ನಿಲ್ಲುತ್ತದೆ. ಓಚರಿನ ಹಾಳೆಯಲ್ಲಿಯೇ ಬಿಲ್ಲಿನ ಸಾರಾಂಶವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯಲು ಜಾಗ ಬಿಟ್ಟು ಅಚ್ಚು ಹಾಕಿಸಿದರೆ ಈ ತೊಂದರೆ ತಪ್ಪುತ್ತದೆ. ಇದಕ್ಕೆ ತಗಲುವ ಖರ್ಚು ಅಲ್ಪ, ಆಗುವ ಉಪಕಾರ ದೊಡ್ಡದು.

ಹಣ ಬಳಕೆ ಪ್ರಮಾಣಪತ್ರ

ಕೇಂದ್ರದ ಅನುದಾನಕ್ಕೆ ಸಂಸ್ಥೆಗಳು ಸಲ್ಲಿಸಬೇಕಾದ ನಮೂನೆಯ ಹೆಸರು 12-ಎ. ವರ್ಷದ ಆರಂಭದಲ್ಲಿ ಉಳಿದಿದ್ದ ಹಣ, ಅದರ ಬಡ್ಡಿ, ಸರಕಾರಕ್ಕೆ ಕಟ್ಟಿದ ಬಡ್ಡಿ, ಈ ವರ್ಷ ಬಂದ ಅನುದಾನದ ಆದೇಶ ಸಂಖ್ಯೆ ಮತ್ತು ದಿನಾಂಕ, ಒಟ್ಟು ಲಭ್ಯ ಹಣ, ಖರ್ಚು, ಕೊನೆಯ ಶಿಲ್ಕು (ಉಳಿದ ಹಣ) ಎಂಬ ಅಂಕಣಗಳು ಅದರಲ್ಲಿವೆ. ಕರ್ನಾಟಕದ ಅಥವಾ ಕೇರಳದ ನಮೂನೆ ಬೇರೆಯಾಗಿದ್ದರೂ ಲೆಕ್ಕದ ತರ್ಕ ಇದೇ.

ಸಂಖ್ಯೆಗಳಲ್ಲಿ ಹೇಳುವುದಾದರೆ: 4,00,000 ರೂಪಾಯಿ ಮಂಜೂರಾಗಿ ಮೊದಲ ಕಂತು 2,00,000 ಬಂದಿದೆ, 1,950 ಬಡ್ಡಿ ಸೇರಿದೆ, ಮಾರ್ಚ್ 31ರ ತನಕ 1,83,400 ಖರ್ಚಾಗಿದೆ ಎಂದುಕೊಳ್ಳೋಣ. ಒಟ್ಟು ಲಭ್ಯ ಹಣ 2,01,950, ಶಿಲ್ಕು 18,550. ಆದರೆ ಪಾಸ್ ಪುಸ್ತಕದಲ್ಲಿ ಆ ದಿನ ಕಾಣುವುದು 24,950. ಈ 6,400ರ ಅಂತರ ಹೊಲಿಗೆ ತರಬೇತಿಯ ಶಿಕ್ಷಕಿಗೆ ಕೊಟ್ಟ, ಅವರು ಇನ್ನೂ ಬ್ಯಾಂಕಿಗೆ ಹಾಕದ ಚೆಕ್ಕಿನದು. ಇದನ್ನು ವಿವರಿಸುವ ತಾಳೆಪಟ್ಟಿಯನ್ನು ಪ್ರಮಾಣಪತ್ರದ ಜೊತೆಗೆ ಇಡದಿದ್ದರೆ ಆಕ್ಷೇಪಣೆ ಬರುವುದು ಖಂಡಿತ. ಬಳಕೆ ಪ್ರಮಾಣಪತ್ರ, ಲೆಕ್ಕ ಪರಿಶೋಧಕರ ಜಮಾ-ಖರ್ಚು ಪಟ್ಟಿ ಮತ್ತು ನಗದು ಪುಸ್ತಕ ಈ ಮೂರರಲ್ಲೂ ಖರ್ಚಿನ ಮೊತ್ತ ರೂಪಾಯಿ ಪೈಸೆ ಸಹಿತ ಒಂದೇ ಆಗಿರಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮುಂಗಡ ಕೊಟ್ಟದ್ದು ಖರ್ಚು ಅಲ್ಲ. ಬಡಗಿಗೆ ಮಾರ್ಚ್ ಕೊನೆಯಲ್ಲಿ ಕೊಟ್ಟ ಮುಂಗಡವನ್ನು, ಕಪಾಟು ಬಾರದ ಹೊರತು, ಬಳಕೆಯಾದ ಹಣವೆಂದು ತೋರಿಸಬಾರದು. ಮುಂಗಡವೆಂದೇ ಬೇರೆಯಾಗಿ ತೋರಿಸಬೇಕು. ಕಂತು ಮುಗಿದಂತೆ ಕಾಣಲಿ ಎಂಬ ಆತುರದಲ್ಲಿ ಇಡೀ ಮೊತ್ತ ಖರ್ಚಾಯಿತೆಂದು ಬರೆಯುವುದು ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದಂತೆಯೇ ಸರಿ, ಅದರ ಹೊಣೆ ಸಹಿ ಹಾಕಿದವರ ಮೇಲೆ ಬೀಳುತ್ತದೆ. ಹಣ ಉಳಿದಿದ್ದರೆ ಉಳಿದಿದೆ ಎಂದು ಬರೆದು, ಅವಧಿ ವಿಸ್ತರಣೆಗೆ ಗಡುವು ಮುಗಿಯುವ ಮುನ್ನವೇ ಕಾರಣಸಹಿತ ಪತ್ರ ಕೊಡುವುದು ಸರಿಯಾದ ದಾರಿ.

ಪ್ರಗತಿ ವರದಿಯನ್ನು ಬರೆಯುವಾಗ

ಹಣದ ಲೆಕ್ಕದೊಂದಿಗೆ ಕೆಲಸದ ಲೆಕ್ಕವನ್ನೂ ಕೇಳುತ್ತಾರೆ. ನಮ್ಮ ಸಂಘಗಳು ಇಲ್ಲಿ ಪತ್ರಿಕಾ ಸುದ್ದಿಯ ಶೈಲಿಗೆ ಮೊರೆ ಹೋಗುತ್ತವೆ: ದೀಪ ಬೆಳಗಿಸಿದವರು, ಪ್ರಾಸ್ತಾವಿಕ ಮಾತನಾಡಿದವರು, ಧನ್ಯವಾದ ಅರ್ಪಿಸಿದವರು ಎಲ್ಲರ ಹೆಸರು ಬರುತ್ತದೆ, ಫಲಾನುಭವಿಗೆ ಏನು ಸಿಕ್ಕಿತು ಎಂಬುದು ಬರುವುದಿಲ್ಲ. ‘ತರಬೇತಿಯು ಯಶಸ್ವಿಯಾಗಿ ಜರಗಿತು’ ಎಂಬ ಸಾಲಿನಿಂದ ಅಧಿಕಾರಿಗೆ ಯಾವ ಉಪಯೋಗವೂ ಇಲ್ಲ. ಅದರ ಬದಲು ಹೀಗೆ ಬರೆಯಬಹುದು: ‘30 ಮಹಿಳೆಯರಿಗೆ ತರಬೇತಿ ನೀಡುವ ಗುರಿಯಿತ್ತು. 26 ಮಂದಿ ಸೇರಿದರು, 22 ಮಂದಿ ಪೂರ್ಣಗೊಳಿಸಿದರು. ಉಳಿದ ನಾಲ್ವರು ಅಡಿಕೆ ಸುಲಿಯುವ ಕೆಲಸದ ಕಾಲದಲ್ಲಿ ಬರಲಾಗದೆ ಬಿಟ್ಟರು. ಮುಂದಿನ ತಂಡಕ್ಕೆ ಮಧ್ಯಾಹ್ನದ ನಂತರದ ಸಮಯವನ್ನು ನಿಗದಿಪಡಿಸಲಾಗಿದೆ.’ ಗುರಿ ತಲುಪದ್ದನ್ನು ಕಾರಣದೊಂದಿಗೆ ಹೇಳಿದ ಈ ವರದಿಗೆ ಬೆಲೆ ಹೆಚ್ಚು, ಏಕೆಂದರೆ ಹಾಜರಿ ಪುಸ್ತಕವನ್ನು ತೆರೆದು ನೋಡಿದವರಿಗೆ ಅಲ್ಲಿಯೂ ಇದೇ ಸಂಖ್ಯೆ ಸಿಗುತ್ತದೆ.

ಛಾಯಾಚಿತ್ರ, ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿಯ ತುಣುಕು ಇವುಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ. ಪ್ರತಿ ಚಿತ್ರದ ಕೆಳಗೆ ದಿನಾಂಕ ಮತ್ತು ಸ್ಥಳವನ್ನು ಬರೆಯಬೇಕು. ಫಲಾನುಭವಿಗಳ ಆಧಾರ್ ಸಂಖ್ಯೆಯನ್ನು ಪೂರ್ತಿಯಾಗಿ ಅಚ್ಚು ಮಾಡಿ ಲಗತ್ತಿಸುವ ಅಭ್ಯಾಸವನ್ನು ಬಿಡಬೇಕು. ಕೊನೆಯ ನಾಲ್ಕು ಅಂಕೆ ಸಾಕು.

ಸಂಘದ ಸ್ವಂತ ಕಾಗದಪತ್ರ

ಲೆಕ್ಕ ಸರಿಯಿದ್ದೂ ಕಂತು ತಡೆಯಲ್ಪಡುವ ಇನ್ನೊಂದು ಕಾರಣ ಸಂಘದ ನೋಂದಣಿ. ಮಲಬಾರಿನ ಭಾಗವಾಗಿದ್ದ ನಮ್ಮ ಜಿಲ್ಲೆಯಲ್ಲಿ 1860ರ ಸಂಘಗಳ ನೋಂದಣಿ ಕಾಯಿದೆ ಜಾರಿಯಲ್ಲಿದೆ. ಅದರ 4ನೆಯ ಕಲಮಿನಂತೆ ವಾರ್ಷಿಕ ಮಹಾಸಭೆಯ ನಂತರದ 14 ದಿನಗಳೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಪದಾಧಿಕಾರಿಗಳು ಬದಲಾಗಿ ಪಟ್ಟಿ ಹೋಗದೆ ಇದ್ದರೆ ಪ್ರಮಾಣಪತ್ರಕ್ಕೆ ಸಹಿ ಹಾಕಿದ ಅಧ್ಯಕ್ಷರೇ ಬೇರೆ, ದಾಖಲೆಯಲ್ಲಿರುವ ಅಧ್ಯಕ್ಷರೇ ಬೇರೆ ಎಂದಾಗುತ್ತದೆ. ಕೇಂದ್ರದ ಅನುದಾನಕ್ಕಾದರೆ ಸಂಘಸಂಸ್ಥೆಗಳು ತಮ್ಮ ವಿವರವನ್ನು ನೋಂದಾಯಿಸುವ ಕೇಂದ್ರ ಸರಕಾರದ ಎನ್‌.ಜಿ.ಒ. ದರ್ಪಣ್ ಜಾಲತಾಣದಲ್ಲಿಯೂ ಈ ಬದಲಾವಣೆಯನ್ನು ಸೇರಿಸಬೇಕು.

ಕೇರಳದ ಕಚೇರಿಗಳೊಂದಿಗೆ ಪತ್ರವ್ಯವಹಾರವನ್ನು ಕನ್ನಡದಲ್ಲಿ ನಡೆಸುವ ಹಕ್ಕನ್ನು ಇಲ್ಲಿಯ ಕನ್ನಡಿಗರಿಗೆ 1969ರ ರಾಜ್ಯಭಾಷಾ ಕಾಯಿದೆ ಗುರುತಿಸಿತು. ಆ ಹಕ್ಕನ್ನು ಬಳಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಅಂಕಿಅಂಶದ ನಮೂನೆಗಳನ್ನು ಇಲಾಖೆ ಕೊಟ್ಟ ಭಾಷೆಯಲ್ಲಿಯೇ ತುಂಬಿಸಿ, ಮುಖಪತ್ರವನ್ನೂ ಪ್ರಗತಿ ವರದಿಯನ್ನೂ ಕನ್ನಡದಲ್ಲಿ ಇಟ್ಟರೆ ಹಕ್ಕೂ ಉಳಿಯುತ್ತದೆ, ಕೆಲಸವೂ ತಡವಾಗುವುದಿಲ್ಲ.

ಸಲ್ಲಿಸಿದ ಮೇಲೆ

ಕಡತವನ್ನು ಖುದ್ದಾಗಿ ಕೊಟ್ಟರೆ ನಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಪಡೆಯಬೇಕು; ಅಂಚೆಯಲ್ಲಾದರೆ ಸ್ವೀಕೃತಿಯ ದಾಖಲೆ ಇರಬೇಕು. ಆಕ್ಷೇಪಣೆ ಬಂದರೆ ಫೋನಿನಲ್ಲಿ ವಿವರಿಸಿ ಬಿಡಬಾರದು. ಆಕ್ಷೇಪಣೆಯ ಪ್ರತಿ ಅಂಶಕ್ಕೂ ಅದೇ ಕ್ರಮಸಂಖ್ಯೆಯಲ್ಲಿ ಉತ್ತರ ಬರೆದು, ಆಧಾರದ ಓಚರ್ ಸಂಖ್ಯೆಯನ್ನು ನಮೂದಿಸಿ, ಲಿಖಿತವಾಗಿ ಕಳಿಸಬೇಕು. ಸರಕಾರದಿಂದ ಬಂದ ಅನುದಾನ ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದೆ, ಸಂಸ್ಥೆಯ ಒಟ್ಟು ಖರ್ಚಿನ ಶೇಕಡಾ 75ಕ್ಕೂ ಕಡಿಮೆಯಿಲ್ಲದೆ ಇದ್ದರೆ 1971ರ ಸಿ.ಎ.ಜಿ. ಕಾಯಿದೆಯಂತೆ ಭಾರತದ ಮಹಾಲೇಖಪಾಲರ (ಸಿ.ಎ.ಜಿ.) ಪರಿಶೋಧನೆಗೂ ಸಂಸ್ಥೆ ಒಳಪಡುತ್ತದೆ. ಸಣ್ಣ ಸಂಘಗಳಿಗೆ ಇದು ಬಾರದು, ಆದರೂ ಅನುದಾನ ಕೊಟ್ಟ ಇಲಾಖೆ ಬಂದು ಪುಸ್ತಕಗಳನ್ನು ನೋಡುವ ಅಧಿಕಾರ ಇದ್ದೇ ಇದೆ.

ಮೂಲ ದಾಖಲೆಗಳು ಕಾರ್ಯದರ್ಶಿಯ ಮನೆಯಲ್ಲಿ ಅಲ್ಲ, ಸಂಘದ ಕಪಾಟಿನಲ್ಲಿ ಇರಬೇಕು. ಸಮಿತಿ ಬದಲಾಗುವಾಗ ಮಂಜೂರಾತಿ ಆದೇಶ, ಶರತ್ತಿನ ಹಾಳೆ, ಓಚರ್ ಕಟ್ಟು, ನಗದು ಪುಸ್ತಕ, ಆಸ್ತಿ ಪುಸ್ತಕ, ನಿರ್ಣಯ ಪುಸ್ತಕ, ಸ್ವೀಕೃತಿಪತ್ರ, ಬಾಕಿ ಇರುವ ಆಕ್ಷೇಪಣೆಗಳು ಎಂದು ಪಟ್ಟಿ ಮಾಡಿ, ಹಳೆಯ ಮತ್ತು ಹೊಸ ಕಾರ್ಯದರ್ಶಿಗಳಿಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ನಿರ್ಣಯ ಪುಸ್ತಕಕ್ಕೆ ಅಂಟಿಸಬೇಕು. ಎರಡನೆಯ ಕಂತಿನ ಗಡುವು ಯಾವಾಗ ಎಂಬುದನ್ನು ಆ ಪಟ್ಟಿಯ ಮೊದಲ ಸಾಲಿನಲ್ಲಿಯೇ ಬರೆಯಬೇಕು.