ಕೋನನ್‌ಗೆ ಇನ್ನೊಂದು ಸಾಹಸ: ನಾನು ಬರೆದ ಬಗೆ

ಕೋನನ್ ಎಂದರೆ ಕಲ್ಪಿತ ಪ್ರಾಚೀನ ಜಗತ್ತಿನಲ್ಲಿ, ಸಿಮ್ಮೇರಿಯ ಎಂಬ ಕಾಡುನಾಡಿನಿಂದ ಬಂದು ಕತ್ತಿ ಹಿಡಿದು ಅಲೆಯುವ ಕಥಾನಾಯಕ. ಅವನನ್ನು ಸೃಷ್ಟಿಸಿದ ರಾಬರ್ಟ್ ಇ. ಹೋವರ್ಡ್ ಅಮೆರಿಕದ ಟೆಕ್ಸಾಸ್‌ನಲ್ಲಿ, ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ ಕುಳಿತು ಬರೆಯುತ್ತಿದ್ದವನು. ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಕೋನನ್ ಮೊದಲು ಕಾಣಿಸಿಕೊಂಡದ್ದು 1932ರ ಡಿಸೆಂಬರ್‌ನಲ್ಲಿ. 1936ರ ಜೂನ್‌ನಲ್ಲಿ ಹೋವರ್ಡ್ ತೀರಿಕೊಂಡ. ಆಗ ಅವನಿಗೆ ಮೂವತ್ತು ವರ್ಷ. ಕೋನನ್ ಬಗ್ಗೆ ಅವನು ಬರೆದ ಪೂರ್ಣ ಕಾದಂಬರಿ ಒಂದೇ ಒಂದು. ಬೇರೆಯವರು ಮುಂದುವರಿಸಿ ಬರೆದವಕ್ಕೆ ಮಾತ್ರ ಒಂದು ಕಪಾಟು ಸಾಲದು. ಆ ಕಪಾಟಿನ ಬಹುಪಾಲನ್ನು ಓದಿದ ಮೇಲೆ ನಾನೂ ಕನ್ನಡದಲ್ಲಿ ಒಂದು ಕಿರುಕಾದಂಬರಿ ಬರೆದೆ.

ಬರೆಯುವ ಮೊದಲು ಹೋವರ್ಡ್‌ನ ಕಥೆಗಳನ್ನು ಪತ್ರಿಕೆಯಲ್ಲಿ ಅಚ್ಚಾದ ಕ್ರಮದಲ್ಲೇ ಮತ್ತೆ ಓದಿದೆ. ಮೊದಲ ಕಥೆಯಲ್ಲೇ ಕೋನನ್ ಅಕ್ವಿಲೋನಿಯ ಎಂಬ ನಾಡಿನ ರಾಜ. ನಡುವಯಸ್ಸಿನವನು, ಸಿಂಹಾಸನದ ಮೇಲೆ ಕುಳಿತು ಬೇಸತ್ತವನು. ಮೂರನೆಯದಕ್ಕೆ ಬರುವಷ್ಟರಲ್ಲಿ ಮೀಸೆ ಚಿಗುರುವ ವಯಸ್ಸಿನ ಕಳ್ಳ. ಅದರ ನಂತರದ್ದರಲ್ಲಿ ಕೂಲಿಗೆ ಕಾದುವ ಸೈನಿಕ. ಸಾಹಸಿಯೊಬ್ಬ ತನ್ನ ಬದುಕಿನ ಕಥೆಗಳನ್ನು ನೆನಪಾದಂತೆ ಹೇಳುತ್ತಾನೆಯೇ ಹೊರತು ಸಾಲಾಗಿ ಹೇಳುವುದಿಲ್ಲ ಎಂಬುದು ಹೋವರ್ಡ್‌ನ ನಿಲುವು. ಕೊನೆಯ ವರ್ಷ ಬರೆದ ಪತ್ರವೊಂದರಲ್ಲಿ ಅದನ್ನು ಹೇಳಿಯೂ ಇದ್ದಾನೆ. ಆ ಪತ್ರ ಹೋದದ್ದು ಯಾರಿಗೆ ಎಂಬುದು ತಮಾಷೆಯ ಸಂಗತಿ. ಪಿ. ಸ್ಕೈಲರ್ ಮಿಲ್ಲರ್ ಮತ್ತು ಜಾನ್ ಡಿ. ಕ್ಲಾರ್ಕ್ ಎಂಬ ಇಬ್ಬರು ಅಭಿಮಾನಿಗಳು ಕೋನನ್‌ನ ಬದುಕನ್ನು ಇಸವಿವಾರು ಜೋಡಿಸಲು ಕುಳಿತಿದ್ದರು. ಹೋವರ್ಡ್ ಸಂತೋಷದಿಂದಲೇ ಅವರಿಗೆ ನೆರವಾದ.

ಮುಂದುವರಿಸಿದವರ ತೊಂದರೆ ಶುರುವಾಗುವುದು ಆ ಪಟ್ಟಿಯಿಂದಲೇ ಎಂದು ನನಗೆ ಅನ್ನಿಸುತ್ತದೆ. ಪಟ್ಟಿ ಇದ್ದ ಮೇಲೆ ಖಾಲಿ ಜಾಗ ಕಾಣುತ್ತದೆ, ಕಂಡ ಮೇಲೆ ತುಂಬಬೇಕೆನಿಸುತ್ತದೆ. ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್ 1960ರ ದಶಕದ ಪೇಪರ್‌ಬ್ಯಾಕ್‌ಗಳಲ್ಲಿ ಮಾಡಿದ್ದು ಅದನ್ನೇ. ಅದಕ್ಕೂ ಮೊದಲು, 1955ರಲ್ಲಿ, ಕೋನನ್ ಸುಳಿವೇ ಇಲ್ಲದ ಹೋವರ್ಡ್‌ನ ನಾಲ್ಕು ಕಥೆಗಳನ್ನು ಡಿ ಕ್ಯಾಂಪ್ ತಿದ್ದಿ ಕೋನನ್ ಕಥೆಗಳನ್ನಾಗಿಸಿ ಪುಸ್ತಕ ಮಾಡಿದ್ದ. ಆಮೇಲೆ 1980ರ ದಶಕದಲ್ಲಿ ಟೋರ್ ಪ್ರಕಾಶನದ ಸಾಲು ಬಂತು. ರಾಬರ್ಟ್ ಜೋರ್ಡಾನ್ ಒಬ್ಬನೇ ಏಳು ಬರೆದ. ಹೋವರ್ಡ್ ಹಾದುಹೋಗುವಾಗ ಹೇಳಿಬಿಟ್ಟ ವೆನೇರಿಯಂ ಕೋಟೆಯ ನಾಶ 2003ರಲ್ಲಿ ಹ್ಯಾರಿ ಟರ್ಟಲ್‌ಡೋವ್ ಕೈಯಲ್ಲಿ ಒಂದಿಡೀ ಕಾದಂಬರಿಯಾಯಿತು. ಕೋನನ್‌ಗೆ ಅಪ್ಪ, ಅಮ್ಮ, ಬಾಲ್ಯ ಎಲ್ಲವೂ ಬಂದವು. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವನು ಎಂಬ ಗುಣ ಮಾತ್ರ ಸವೆಯಿತು. 1979ರ ಕಾರ್ಲ್ ಎಡ್ವರ್ಡ್ ವ್ಯಾಗ್ನರ್‌ನ ಕಾದಂಬರಿ ನನಗೆ ಹಿಡಿಸಿತು. ಅದರಲ್ಲಿ ಪಟ್ಟಿಯ ಚಿಂತೆಗಿಂತ ಕಥೆಯ ಬಿಸಿ ಹೆಚ್ಚು.

ಹಾಗಾಗಿ ನನ್ನ ಮೊದಲ ತೀರ್ಮಾನ: ಈ ಕಥೆ ಯಾವುದರ ಹಿಂದಿನದು, ಯಾವುದರ ಮುಂದಿನದು ಎಂದು ಹೇಳಕೂಡದು. ವೆಂಧ್ಯಕ್ಕೆ ಕರೆದೊಯ್ಯುವ ಆಸೆ ಇತ್ತು. ಹೋವರ್ಡ್‌ನ ಭೂಪಟದಲ್ಲಿ ಅದೇ ನಮ್ಮ ದೇಶ, ವಿಂಧ್ಯದಿಂದ ಪಡೆದ ಹೆಸರು. ಆದರೆ ಅಲ್ಲಿಗೆ ಹೋದರೆ ಕಥೆ ಬಿಟ್ಟು, ಟೆಕ್ಸಾಸ್‌ನವನೊಬ್ಬ ಕಲ್ಪಿಸಿದ ಭಾರತವನ್ನು ತಿದ್ದಲು ಕೂರುತ್ತೇನೆ ಎಂದು ಗೊತ್ತಿತ್ತು. ಅದರ ಬದಲು ಅದೇ ಭೂಪಟದ ಶೆಮ್ ಎಂಬ ನಾಡಿನ ಮರುಭೂಮಿಯ ಅಂಚಿನಲ್ಲಿ ಒಂದು ಊರನ್ನು ಕಟ್ಟಿಕೊಂಡೆ. ಊರಿನ ಬಾವಿಯನ್ನು ರಾತ್ರಿ ಕಾಯಲು ವರ್ತಕರು ಕೋನನ್‌ನನ್ನು ಕೂಲಿಗೆ ಇಟ್ಟುಕೊಳ್ಳುತ್ತಾರೆ. ಕೂಲಿ ಬಾಕಿ ಇದೆ. ಬಾವಿಯೊಳಗೆ ಏನೋ ಇದೆ. ಅಷ್ಟೇ ಹೂರಣ.

ಕೂಲಿ ಬಾಕಿ ಎಂಬುದನ್ನು ಬೇಕೆಂದೇ ಇಟ್ಟೆ. ಮುಂದುವರಿಸಿದ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಒಬ್ಬ ಮಾಂತ್ರಿಕ ಜಗತ್ತನ್ನೇ ಗೆಲ್ಲಲು ಹೊರಡುತ್ತಾನೆ, ಕೋನನ್ ಅದನ್ನು ಉಳಿಸುತ್ತಾನೆ. ಹೋವರ್ಡ್‌ನ ಕೋನನ್‌ಗೆ ಜಗತ್ತಿನ ಗೊಡವೆ ಕಡಿಮೆ. ಅವನಿಗೆ ಬೇಕಾದದ್ದು ಇವತ್ತಿನ ಊಟ, ನಾಳೆಯ ಕುದುರೆ, ಕಣ್ಣಿಗೆ ಬಿದ್ದ ರತ್ನ. ಆನೆ ಗೋಪುರದ ಕಥೆಯಲ್ಲಿ ಅವನು ರತ್ನ ಕದಿಯಲು ಹತ್ತುತ್ತಾನೆ. ಮೇಲೆ ಸಿಗುವುದು ಆನೆಯ ತಲೆಯುಳ್ಳ, ಕುರುಡಾಗಿಸಿ ಸೆರೆಯಲ್ಲಿಟ್ಟ, ಬೇರೊಂದು ಗ್ರಹದ ಜೀವಿ. (ನಮ್ಮವರಿಗೆ ಗಣಪತಿ ನೆನಪಾಗದಿರುವುದು ಕಷ್ಟ.) ಹೆದರಿದ ಕಳ್ಳ ಆ ಜೀವಿಯ ನೋವನ್ನು ಕಂಡು ಇಡೀ ಮನುಷ್ಯಕುಲದ ತಪ್ಪು ತನ್ನದೇ ಎಂಬಂತೆ ಕುಗ್ಗುತ್ತಾನೆ. ಮಾಟದ ಮುಂದೆ ಕೋನನ್‌ಗೆ ಮೈ ನಡುಗಬೇಕು; ಅವನ ಜೇಬಿನಲ್ಲಿ ಅದಕ್ಕೊಂದು ತಾಯಿತ ಇರಬಾರದು. ನನ್ನ ಬಾವಿಯಲ್ಲಿ ಏನಿದೆ ಎಂಬುದನ್ನು ನಾನು ಕೊನೆಯವರೆಗೂ ಪೂರ್ತಿಯಾಗಿ ತೋರಿಸಲಿಲ್ಲ.

ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷಿನವರಿಗೆ ಬಾರದ ಒಂದು ಪ್ರಶ್ನೆ ಎದುರಾಯಿತು. ಕೋನನ್ ವರ್ತಕರ ಹಿರಿಯನಿಗೆ ‘ನೀವು’ ಎನ್ನುತ್ತಾನೆಯೇ? ಎನ್ನುವುದಿಲ್ಲ. ಯಾರಿಗೂ ಎನ್ನುವುದಿಲ್ಲ, ರಾಣಿಗೂ ‘ನೀನು’. ಸುತ್ತಲಿನವರು ಒಬ್ಬರಿಗೊಬ್ಬರು ‘ತಾವು’, ‘ಬುದ್ಧಿ’, ‘ಒಡೆಯರು’ ಎಂದು ಬಾಗುತ್ತಿರುವಾಗ ಅವನೊಬ್ಬ ಹೀಗೆ ಮಾತನಾಡಿದರೆ ಕಾಡುಮನುಷ್ಯ, ನಾಗರಿಕ ಎಂಬ ಹೋವರ್ಡ್‌ನ ಜಗಳ ತಾನಾಗಿಯೇ ಸಂಭಾಷಣೆಗೆ ಇಳಿಯುತ್ತದೆ. ಅದಕ್ಕಾಗಿ ವರ್ಣನೆ ಬರೆಯಬೇಕಾಗಲಿಲ್ಲ. ಅವನು ಒರಟನಲ್ಲ, ಬಾಗಲು ಕಲಿಯದವನು. ಈ ವ್ಯತ್ಯಾಸ ಉಳಿಸಿಕೊಳ್ಳಲು ಅವನ ಮಾತುಗಳನ್ನು ಹಲವು ಬಾರಿ ಮೊಟಕುಗೊಳಿಸಿದೆ.

ಕಾಳಗಕ್ಕೆ ಕುಮಾರವ್ಯಾಸನ ಯುದ್ಧಪರ್ವಗಳನ್ನು ಗಟ್ಟಿಯಾಗಿ ಓದಿಕೊಂಡೆ. ಪದಗಳನ್ನು ಎತ್ತಿಕೊಳ್ಳಲಿಲ್ಲ, ಎತ್ತಿಕೊಂಡರೆ ಕಥೆ ಯಕ್ಷಗಾನದ ವೇಷ ಕಟ್ಟಿಬಿಡುತ್ತದೆ. ವೇಗವನ್ನು ಮಾತ್ರ ಗಮನಿಸಿದೆ. ನಮ್ಮ ವಾಕ್ಯದಲ್ಲಿ ಕ್ರಿಯೆಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟುತ್ತಾ ಹೋಗಬಹುದು: ಎಡಕ್ಕೆ ಸರಿದು, ಮೊಣಕಾಲೂರಿ, ಕತ್ತಿಯನ್ನು ಕೆಳಗಿನಿಂದ ಮೇಲಕ್ಕೆ ಚುಚ್ಚಿ, ಹಿಡಿ ತಿರುಚಿ ಎಳೆದ. ಪೆಟ್ಟು ಕೊನೆಯ ಕ್ರಿಯಾಪದದಲ್ಲಿ ಬೀಳುತ್ತದೆ. ಅಂಥ ಒಂದು ವಾಕ್ಯವಾದ ಮೇಲೆ ಎರಡು ಮೂರು ಪದದ ವಾಕ್ಯ ಇಟ್ಟರೆ ಓದುವವರಿಗೆ ಉಸಿರಾಡಲು ಜಾಗ ಸಿಗುತ್ತದೆ. ಹೋವರ್ಡ್‌ನ ವಿಶೇಷಣಗಳ ಸುರಿಮಳೆಯನ್ನು ಅನುಕರಿಸಲು ಹೋಗಲಿಲ್ಲ. ಅದು ಅವನ ಕೈಯಲ್ಲಿ ನಡೆಯುತ್ತದೆ, ಅನುಕರಿಸಿದವರ ಕೈಯಲ್ಲಿ ಅಣಕವಾಗುತ್ತದೆ.

ಕಾನೂನಿನ ವಿಷಯವೂ ಇದೆ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕ ತೀರಿದ ಮೇಲೆ 60 ವರ್ಷ. ಹೋವರ್ಡ್ ಬದುಕಿದ್ದಾಗ ಅಚ್ಚಾದ ಕಥೆಗಳು ಆ ಮಿತಿಯನ್ನು ಎಂದೋ ದಾಟಿವೆ. ಆದರೆ ಕೋನನ್ ಎಂಬ ಹೆಸರು ವ್ಯಾಪಾರ ಮುದ್ರೆಯಾಗಿ ಬೇರೆಯವರ ಕೈಯಲ್ಲಿದೆ. ಹಾಗಾಗಿ ಗೆಳೆಯರಿಗೆ ಓದಲು ಕೊಡುವ ಮುನ್ನ ಹೆಸರು, ಊರು, ದೇವರು ಎಲ್ಲವನ್ನೂ ಬದಲಿಸಿದೆ. ಇದಕ್ಕೆ ಹೋವರ್ಡ್‌ನದೇ ಮೇಲ್ಪಂಕ್ತಿ ಇದೆ: ಕಲ್ ಎಂಬ ರಾಜನ ಬಗ್ಗೆ ಬರೆದು, ಮಾರಾಟವಾಗದೆ ಉಳಿದ ಕಥೆಯನ್ನು ತಿದ್ದಿ ಬರೆದಾಗಲೇ ಮೊದಲ ಕೋನನ್ ಕಥೆ ಹುಟ್ಟಿದ್ದು. ಹೆಸರು ಕಿತ್ತ ಮೇಲೆ ನನ್ನ ಹಸ್ತಪ್ರತಿಯಲ್ಲಿ ಎರಡು ಅಧ್ಯಾಯ ಸಪ್ಪೆಯಾಗಿ ಕಂಡವು. ಹೆಸರಿನ ಬಲದಿಂದಷ್ಟೇ ನಿಂತಿದ್ದ ಅವನ್ನು ಕತ್ತರಿಸಿ ಹಾಕಿದೆ. ಬಾವಿ ಕಾಯುವ ರಾತ್ರಿಗಳು ಅಲುಗಲಿಲ್ಲ. ಈಗ ಎರಡನೆಯದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಅವನು ಮುದುಕ.